ಕಲ್ಲಿಗೆ ಬೆನ್ನು ಕೊಟ್ಟು ನಿಂತವರು

ಚಿಕ್ಕಲಸಂದ್ರದ ದಿಬ್ಬದ ಮೇಲಿರುವ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಆಳೆತ್ತರದ ಒಂದು ನಿಲುವುಗಲ್ಲಿದೆ. ಸಾವಿರಾರು ವರ್ಷಗಳ ಹಿಂದೆ ಯಾರದೋ ಸಮಾಧಿಯ ಗುರುತಿಗೆ ನೆಟ್ಟದ್ದಿರಬೇಕು ಎಂದು ನಾನು ಓದಿದವಳ ಜಂಬದಲ್ಲಿ ವಿವರಿಸಿದಾಗ ಮನೆ ಮಾಲೀಕರು ನಕ್ಕಿದ್ದರು.

"ಹಂಗಾದ್ರೆ ಅದೇ ಓನರ್ರು ಮೇಡಂ. ನಾನೂ ಬಾಡಿಗೆಗೆ ಇದೀನಿ."

ಆಮೇಲೆ ಕಲ್ಲಿನ ಮೇಲೆ ನುಣುಪಾದ ಒಂದು ಜಾಗವನ್ನು ಮುಟ್ಟಿಸಿದರು. ಇಲ್ಲಿ ಅವರ ಹೊಲವಿದ್ದಾಗ ಎತ್ತುಗಳು ಕತ್ತು ಉಜ್ಜಿಕೊಳ್ಳುತ್ತಿದ್ದ ಜಾಗವಂತೆ.

ನಾನು ಕಾರು ಕೊಂಡೆ. ನಿಲ್ಲಿಸಲು ಜಾಗ ಕೊಡದಿದ್ದರೆ ಮನೆ ಬಿಡುತ್ತೇನೆ ಎಂದೆ. ಕಾರು ಒಳಗೆ ಬರಬೇಕಾದರೆ ಕಲ್ಲು ಹೋಗಬೇಕಿತ್ತು, ಇಲ್ಲವೇ ಅವರು ದಿನವೂ ಸಂಜೆ ಕೂತು ಪೇಪರ್ ಓದುತ್ತಿದ್ದ ಜಗಲಿ. ಜೆಸಿಬಿ ಬಂತು.

"ಯಜಮಾನ್ರೇ, ಕಲ್ಲು ಕೀಳ್ಲಾ? ಒಂದೇ ಏಟು," ಎಂದ ಡ್ರೈವರ್.

ಅವರು ಕಲ್ಲಿನ ಮೇಲೆ ಅಂಗೈಯಿಟ್ಟರು. "ಓನರ್‌ನ ಯಾರಾದ್ರೂ ಖಾಲಿ ಮಾಡಿಸ್ತಾರೇನೋ ಮಗಾ? ಜಗಲಿ ಒಡಿ."

"ಬೇಡ ಬಿಡಿ" ಎಂದು ನಾನು ಅಂದಂತೆ ನೆನಪು. ಈ ನೆನಪನ್ನು ನಂಬಲಾರೆ; ಅಂದಿದ್ದರೆ ಜಗಲಿ ಉಳಿಯುತ್ತಿತ್ತು. ಅವರಿಗೆ ಥ್ಯಾಂಕ್ಸ್ ಹೇಳಿದ್ದಂತೂ ನೆನಪೇ ಇಲ್ಲ.

ಆಮೇಲೆ ನಾನು ರಿವರ್ಸ್ ತೆಗೆಯುವಾಗಲೆಲ್ಲ ಅವರು ಕಲ್ಲಿಗೆ ಬೆನ್ನು ಕೊಟ್ಟು ನಿಂತು, "ಬರ್ಲಿ, ಬರ್ಲಿ... ಸಾಕು" ಎನ್ನುತ್ತಿದ್ದರು.

ಈಗ ಅವರಿಲ್ಲ. ಹಿಂದೆ ಇನ್ನೂ ಜಾಗವಿದೆ ಎಂದು ಕಾರಿನ ಕ್ಯಾಮೆರಾ ತೋರಿಸುತ್ತದೆ. ಅವರು "ಸಾಕು" ಎನ್ನುತ್ತಿದ್ದಲ್ಲೇ ನಾನು ನಿಲ್ಲಿಸುತ್ತೇನೆ. ಕಲ್ಲಿಗೂ ಕಾರಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಉಳಿಯುತ್ತದೆ.