ಮಲ್ಲಮ್ಮನ ರೊಟ್ಟಿ, ನನ್ನ ಸೆಣಬಿನ ಹಾಳೆ

ಗೆಳೆಯರೇ, ಇವತ್ತು ವಾಡಿಯ ರೈಲು ತಪ್ಪಿತು. ಕಾರಣ, ಒಂದು ಸೆಣಬಿನ ಹಾಳೆ.

ಶಹಾಬಾದಿನ ನಮ್ಮ ಓಣಿಯಲ್ಲಿ ನನಗೂ ಪಕ್ಕದ ಮನೆಯ ಮಲ್ಲಮ್ಮನವರಿಗೂ ನಡುವೆ ಇರುವುದು ಒಂದೇ ಪರ್ಸಿ ಕಲ್ಲಿನ ಗೋಡೆ. ನಸುಕಿನಲ್ಲಿ ಅವರು ರೊಟ್ಟಿ ಬಡಿದರೆ ನನ್ನ ಮಂಚ ಕುಣಿಯುತ್ತದೆ. ರೋಸಿಹೋಗಿ, ನೇಯದೆ ನಾರನ್ನೇ ಒತ್ತಿ ಮಾಡಿದ ದಪ್ಪ ಹಾಳೆಯೊಂದನ್ನು ತಂದು ನಿನ್ನೆ ಸಂಜೆ ಗೋಡೆ ತುಂಬ ಇಳಿಬಿಟ್ಟೆ. ಸದ್ದನ್ನೂ ತಡೆಯುತ್ತದೆ, ಕಲ್ಲಿನ ಕಾವನ್ನೂ ತಡೆಯುತ್ತದೆ ಎಂದಿದ್ದ ಅಂಗಡಿಯವನು. ಅವನ ಮಾತು ನಿಜ. ರೊಟ್ಟಿಯ ಸದ್ದು ಕೇಳಲಿಲ್ಲ, ನನಗೆ ಎಚ್ಚರವೂ ಆಗಲಿಲ್ಲ.

ಗುಂಡಿ ಹಾಕಿಕೊಳ್ಳುತ್ತ ಓಡಿಬಂದರೆ ಬಾಗಿಲಲ್ಲೇ ಮಲ್ಲಮ್ಮ.

"ಗ್ವಾಡಿಗಿ ಏನ್ ಹಾಕೀರಿ ಮಾಸ್ತರ್? ರಾತ್ರಿ ನಿಮ್ಮ ಟಿವಿ ಕೇಳಲೇ ಇಲ್ಲ. ಧಾರಾವಾಹ್ಯಾಗ ಆ ಸೊಸಿ ಮನಿ ಬಿಟ್ಟು ಹೋದಳೋ ಇಲ್ಲೋ, ನನಗ ಹ್ಯಾಂಗ ಗೊತ್ತಾಗಬೇಕು?"

"ನೀವು ನಮ್ಮ ಟಿವಿ ಕೇಳ್ತೀರೇನ್ರಿ?"

"ನಮ್ಮದು ಕೆಟ್ಟು ವರ್ಷಾತು. ಜರಾ ಜೋರ್ ಇಡ್ರಿ ಅಂತ ಒಂದಿನಾನರ ಅಂದೀನೇನು?"

ಕೊನೆಗೆ ರಾಜಿಯಾಯಿತು. ಧಾರಾವಾಹಿಯ ಹೊತ್ತಿಗೆ ಹಾಳೆಯನ್ನು ಚಾಪೆಯಂತೆ ಸುತ್ತಿ ಮೇಲೆ ಕಟ್ಟಬೇಕು. ಬೆಳಿಗ್ಗೆ ಅವರ ರೊಟ್ಟಿಯೇ ನನ್ನ ಅಲಾರಂ ಆದ್ದರಿಂದ ರಾತ್ರಿಯಿಡೀ ಹಾಗೇ ಇರಬೇಕು. ಕೆಲಸಕ್ಕೆ ಹೊರಡುವಾಗ ಬೇಕಾದರೆ ಇಳಿಬಿಡಬಹುದು.

ಹೀಗಾಗಿ ಇನ್ನು ಮೇಲೆ ನನ್ನ ಮನೆಯಲ್ಲಿ ಸದ್ದೂ ಇಲ್ಲ, ಸೆಕೆಯೂ ಇಲ್ಲ. ನಾನು ಬೀಗ ಹಾಕಿ ಹೊರಟಾಗಿನಿಂದ ಮರಳಿ ಬಂದು ಬಾಗಿಲು ತೆಗೆಯುವವರೆಗೆ.