ಅತ್ತೆಯ ಸ್ಕೂಟರಿಗೆ ಎಣ್ಣೆಸ್ನಾನ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮತ್ತೆ ಸ್ಕೂಟರಿಗೆ ಎಣ್ಣೆಸ್ನಾನ ಮಾಡಿಸಿದರು.

ತಮಾಷೆಯಲ್ಲ. ಚಹಾದ ಕಪ್ಪು ಹಿಡಿದು ನಾನು ಅಂಗಳಕ್ಕೆ ಬಂದರೆ, ಅತ್ತೆ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುಕ್ಕರುಗಾಲಲ್ಲಿ ಕೂತು, ಬಟ್ಟಲು ತುಂಬ ಕುಸುಬಿ ಎಣ್ಣೆ ಇಟ್ಟುಕೊಂಡು ನನ್ನ ಸ್ಕೂಟರಿನ ಟೈರಿಗೆ ತಿಕ್ಕುತ್ತಿದ್ದರು. ಪಕ್ಕಕ್ಕೂ ತಿಕ್ಕಿದ್ದರು, ನೆಲ ಮುಟ್ಟುವ ಹಲ್ಲುಗಳ ಸಂದಿಗೂ ತಿಕ್ಕಿದ್ದರು. ಟೈರು ಪಳಗಿದ ರೊಟ್ಟಿ ಹಂಚಿನ ಹಾಗೆ ಕರ್ರಗೆ ಮಿಂಚುತ್ತಿತ್ತು. ಅತ್ತೆಯ ಮುಖ ಅದಕ್ಕಿಂತ ಹೆಚ್ಚು ಮಿಂಚುತ್ತಿತ್ತು.

“ಹೆಂಗ ಆತವಾ ಸುಜಾತಾ? ಹೊಸಾ ಗಾಡಿ ಅನ್ನಬೇಕು ನೋಡಿದವರು!”

ಕಪ್ಪು ಕೈಜಾರುವುದೊಂದು ಬಾಕಿ.

ಈ ಎಣ್ಣೆಗೂ ಮುಂಚಿನ ಕತೆ ಹೇಳಬೇಕು. ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಅತ್ತೆಯ ಅಕ್ಕ ಗೌರಮ್ಮ ಇರುವುದು ಹಳೇ ಊರಿನಲ್ಲಿ. ಅಣೆಕಟ್ಟಿನ ಹಿನ್ನೀರು ಏರಿ ಅರ್ಧ ಊರು ಎದ್ದು ಇತ್ತ ಬಂದಾಗ, ಗೋಡೆಗೆ ಗೋಡೆ ತಾಗಿಸಿಕೊಂಡಿದ್ದ ಅಕ್ಕ–ತಂಗಿ ಬೇರೆಯಾದರು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಕಾಯಂ ಆಗಿದೆ: “ಯಾರರ ನನ್ನ ಹಳೇ ಊರಿಗೆ ಬಿಡ್ತೀರೇನು?”

ಅದಕ್ಕೆ ಮಾವನ ಉತ್ತರವೂ ಕಾಯಂ: “ತಡಿ, ನನಗ ಕೆಲಸ ಐತಿ.”

(ಮಾವ ನಿವೃತ್ತರು. ಅವರ ಕೆಲಸವೆಂದರೆ ಪೇಪರ್ ಓದುವುದು. ಅದು ಮುಗಿದರೆ ಅದೇ ಪೇಪರನ್ನು ಕೊನೆಯ ಪುಟದಿಂದ ಓದುತ್ತ ಬರುವುದು.)

ಬಸ್ಸಿಲ್ಲವೇ, ಆಟೋ ಇಲ್ಲವೇ ಅನ್ನುತ್ತೀರಿ. ಎಲ್ಲ ಇವೆ. ಆದರೆ ಅಕ್ಕನ ಮನೆಯಲ್ಲಿ ಮಾತು ರಂಗೇರಿದಾಗಲೇ “ಬಸ್ಸಿಗೆ ತಡ ಆತು” ಅಂತ ಏಳುವ ಸಂಕಟ ಅನುಭವಿಸಿದವರಿಗೇ ಗೊತ್ತು. ಹಾಗಾಗಿ ಒಂದು ದಿನ ಅತ್ತೆ, ರೊಟ್ಟಿ ಬಡಿಯುತ್ತಲೇ ಘೋಷಿಸಿದರು: “ನಾನ ಗಾಡಿ ಕಲೀತೇನಿ.” ಅರವತ್ತರ ಹೊಸ್ತಿಲಲ್ಲಿ! ಮಾವ ನಕ್ಕರು. ಅತ್ತೆ ನಗಲಿಲ್ಲ. ಕಲಿತೇಬಿಟ್ಟರು.

ಆದರೆ ಲೈಸೆನ್ಸ್ ಪರೀಕ್ಷೆಯಲ್ಲಿ ‘ಎಂಟು’ ಬಿಡಿಸುವಾಗ ಕಾಲು ನೆಲಕ್ಕೆ ತಾಗಿಬಿಟ್ಟಿತು. ಫೇಲ್. ಎರಡನೆಯ ಸಲದ ಪರೀಕ್ಷೆ ಈ ಎಣ್ಣೆಸ್ನಾನದ ಮರುದಿನ, ಸೋಮವಾರ. “ಈ ಸಲಾನೂ ಆಗಲಿಲ್ಲಂದ್ರ ಮುಗೀತು. ಮತ್ತ ಗಾಡಿ ಹೆಸರ ಎತ್ತಂಗಿಲ್ಲ,” ಎಂದಿದ್ದರು. ಅತ್ತೆ ಹೇಳಿದರೆ ಹೇಳಿದಂತೆಯೇ. ನನಗೆ ಭಯವಿದ್ದದ್ದೇ ಅದಕ್ಕೆ.

ಹೀಗಿರುವಾಗ ಎದುರುಮನೆಯ ಮಹಾದೇವಪ್ಪ ಬಾಯಿ ಹಾಕಿದರು. ನಾನು ಮನೆಯಲ್ಲೇ ಕೂತು ಬರೆಯುವವಳು. ಅತ್ತೆ ಕಲಿಯಲು ಹೊರಡುವ ತನಕ ನನ್ನ ಸ್ಕೂಟರು ಬಿಸಿಲಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಟೈರಿನ ಹಲ್ಲು ಗಟ್ಟಿಯಾಗಿಯೇ ಇದ್ದವು, ಬಣ್ಣ ಮಾತ್ರ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿ ಮಹಾದೇವಪ್ಪನವರು, “ಟಾಯರಿಗೆ ತುಕ್ಕ ಹಿಡದೈತ್ರಿ ಅಕ್ಕಾರ. ಇಂಥಾ ಗಾಡಿ ಒಯ್ದ್ರ ಆರ್‌ಟಿಓ ಸಾಹೇಬ್ರು ನೋಡಿದ ಕೂಡಲೇ ಫೇಲ್ ಮಾಡ್ತಾರ,” ಅಂದುಬಿಟ್ಟರು. ರಬ್ಬರಿಗೆ ತುಕ್ಕು! ಎಲ್ಲಾದರೂ ಕೇಳಿದ್ದೀರಾ? ಅತ್ತೆ ಮಾತ್ರ ನಂಬಿದರು. ಪರೀಕ್ಷೆಯ ಭಯ ಇದ್ದವರು ಏನನ್ನೂ ನಂಬುತ್ತಾರೆ.

“ಎಣ್ಣೆ ಯಾಕ್ರಿ ಹಚ್ಚಿದ್ರಿ?” ಅಂತ ಕೇಳಿದೆ.

“ಕಾರಹುಣ್ಣಿವಿ ದಿನ ನಮ್ಮಪ್ಪ ಎತ್ತಿಗೆ ಮೈ ತೊಳದು, ಕೋಡಿಗೆ, ಗೊರಸಿಗೆ ಎಣ್ಣಿ ಹಚ್ಚತಿದ್ದ. ಎತ್ತಿಗೆ ಹಚ್ಚಬೇಕು, ಇದಕ್ಯಾಕ ಹಚ್ಚಬಾರದು? ಇದೂ ದುಡಿಯೂದ ಅಲ್ಲೇನು?”

ತರ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ತಪ್ಪಿರುವುದು ಎಣ್ಣೆಯಲ್ಲಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸ್ಕೂಟರಿನ ಸ್ಟ್ಯಾಂಡು ತೆಗೆದೇಬಿಟ್ಟರು. ನಮ್ಮ ಅಂಗಳಕ್ಕೋ ನುಣ್ಣನೆಯ ಫರಸಿಗಲ್ಲು. ಎಣ್ಣೆ ಕುಡಿದ ಹಿಂದಿನ ಗಾಲಿ ಸರ್ರನೆ ಜಾರಿತು. ಸ್ಕೂಟರು ದಾಸವಾಳದ ಗಿಡಕ್ಕೆ ಒರಗಿ ನಿಂತಿತು, ಅತ್ತೆ ಫರಸಿಯ ಮೇಲೆ ಕೂತರು. ನಾನು ಕಪ್ಪು ಅಲ್ಲೇ ಇಟ್ಟು ಓಡಿದೆ. ಮರುಕ್ಷಣ ಅತ್ತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಯವ್ವಾ, ಎತ್ತ ಎಂದೂ ಹಿಂಗ ಜಾರಿದ್ದಿಲ್ಲ ಬಿಡವಾ!”

ಸದ್ದು ಕೇಳಿ ಎಲ್ಲರೂ ಬಂದರು. ಮಹಾದೇವಪ್ಪನವರು ಎಲ್ಲರಿಗಿಂತ ಮೊದಲು ಬಂದರು, ಸಲಹೆಯ ಸಮೇತ: “ಪೆಟ್ರೋಲ್ ಹಾಕಿ ಒರಸ್ರಿ, ಎಣ್ಣಿ, ತುಕ್ಕ ಎರಡೂ ಹೋಗ್ತಾವ.” ಅದಾಗದಿದ್ದರೆ ಬಚ್ಚಲು ತೊಳೆಯುವ ಆಸಿಡ್ಡಂತೆ. ನನ್ನ ಗಂಡ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವರು. ಅವರ ಪಾಠವನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅವತ್ತು ಕೇಳಿದೆವು, ಬೇರೆ ದಾರಿ ಇರಲಿಲ್ಲ.

“ಪೆಟ್ರೋಲ್, ಡೀಸೆಲ್, ಸೀಮಿಎಣ್ಣಿ ಎಲ್ಲಾ ರಬ್ಬರ್ ತಿಂತಾವ. ಆಸಿಡ್ ಅಂತೂ ಬ್ಯಾಡೇ ಬ್ಯಾಡ. ಪಾತ್ರೆ ತಿಕ್ಕೂ ಸೋಪ್ ಸಾಕು,” ಅಂದರು.

ಅತ್ತೆ ಕೂಡಲೇ, “ಎಣ್ಣಿ ಹಚ್ಚಿದ ಮ್ಯಾಲ ಸೀಗಿಕಾಯಿ ಹಾಕಬೇಕಲ್ಲೋ?” ಅಂದರು.

“ಅವ್ವಾ, ಸುಮ್ನಿರ ನೀ.”

ಸ್ಕೂಟರನ್ನು ನೆರಳಿಗೆ ತಂದೆವು. ಬಿಸಿಲಿಗೆ ಕಾದ ಟೈರಿನ ಮೇಲೆ ಸೋಪು ಒಣಗಿ ಕೂರುತ್ತದಂತೆ. ಎಂಜಿನ್ ಬಂದ್ ಇದೆಯೇ ಅಂತ ನೋಡಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಮೊದಲು ಹಳೇ ಬಟ್ಟೆಯಿಂದ ಎಣ್ಣೆಯನ್ನೆಲ್ಲ ಒರೆಸಿದೆವು. ಆಮೇಲೆ ಬಕೆಟ್ ನೀರಿಗೆ ಸೋಪು ಕಲಸಿ, ಬಟ್ಟೆ ತಿಕ್ಕುವ ಬ್ರಷ್ಷಿನಿಂದ ಗಸಗಸ ತಿಕ್ಕಿದೆವು. (ತಂತಿ ಬ್ರಷ್ ಬೇಡ, ರಬ್ಬರ್ ಗೀಚಿಹೋಗುತ್ತದೆ.) ನೊರೆ ಬಿಳಿಯಾಗಿ ಬೀಳಬೇಕಿತ್ತಲ್ಲ? ಚಹಾದ ಬಣ್ಣಕ್ಕೆ ಬಿತ್ತು! ಅತ್ತೆಗೆ ಖುಷಿಯೋ ಖುಷಿ. “ನೋಡ್ರಿ, ತುಕ್ಕ ಬಿಡಾಕತ್ತೈತಿ!” ನೀರು ತರಲು ಮಾವನನ್ನು ಕೂಗಿದರು. ಒಳಗಿನಿಂದ, “ತಡಿ, ನನಗ ಕೆಲಸ ಐತಿ.” ಪೇಪರಿನ ಸದ್ದು ಮಾತ್ರ ಬಂತು.

“ಅದು ತುಕ್ಕಲ್ಲ, ಹೊಲಸೂ ಅಲ್ಲ,” ಅಂದರು ನನ್ನ ಗಂಡ. “ಬಿಸಿಲು–ಗಾಳಿಗೆ ರಬ್ಬರ್ ಸೀಳಬಾರದಂತ ಒಳಗ ಒಂದು ಔಷಧ ಬೆರಸಿರ್ತಾರ. ಅದು ನಿಧಾನಕ್ಕ ಮ್ಯಾಲ ಬರತೈತಿ, ಗಾಳಿ ತಾಗಿ ಕಂದು ಬಣ್ಣ ಆಗತೈತಿ. ಟಾಯರ್ ಕಾಯೂದ ಅದು. ಇವತ್ತ ತೊಳದ್ರೂ ಮತ್ತ ಬರೂದ.”

ಅತ್ತೆ ಬ್ರಷ್ ನಿಲ್ಲಿಸಿದರು. “ಅಂದ್ರ ಇದು ಬೆವರಿದ್ದಂಗ. ಮತ್ತ ಇಷ್ಟೊತ್ತು ಯಾಕ ಬೈದ್ವಿ ಅದಕ್ಕ?”

ನಾನು ಕೈಯಲ್ಲಿನ ಚಿಂದಿ ಹಿಂಡಿ ಹಾಕಿದೆ. ನಮ್ಮ ಊರಿನ ಬಿಸಿಲಿನಲ್ಲಿ ದುಡಿದು ಕಂದಿದ ಮುಖಗಳಿಗೆ ಎಷ್ಟು ಸಲ “ಎಷ್ಟ ಕರ್ರಗಾಗೀದಿ!” ಅಂದಿಲ್ಲ ನಾವು? ಮದುವೆ ಗೊತ್ತಾದ ಹುಡುಗಿಗೆ ಕಡಲೆಹಿಟ್ಟು ತಿಕ್ಕುವ ಕೈಗಳಿಗೂ ಟೈರು ತಿಕ್ಕುವ ಈ ಕೈಗಳಿಗೂ ಏನು ವ್ಯತ್ಯಾಸ? ಖಂಡೇನವಮಿಯ ಆಯುಧಪೂಜೆ ಬಂದರಂತೂ ಕೇಳಲೇಬೇಡಿ, ಬೀದಿಬೀದಿಯಲ್ಲಿ ಟೈರಿಗೆ ಪಾಲಿಶ್. ಕಾರಿನವರು ಪಕ್ಕಕ್ಕೆ ಹಚ್ಚಿಕೊಂಡರೆ ಹಚ್ಚಿಕೊಳ್ಳಲಿ. ಸ್ಕೂಟರ್, ಬೈಕಿನವರು ಟೈರಿನ ತಂಟೆಗೇ ಹೋಗಬಾರದು. ತಿರುವಿನಲ್ಲಿ ವಾಲಿದಾಗ ನೆಲ ಮುಟ್ಟುವುದು ಪಕ್ಕದ ಅಂಚೇ.

ಎರಡು ಸಲ ತೊಳೆದು, ಒಣಗಿಸಿ, ಟೈರಿನ ಹಲ್ಲಿಗೆ ಕೈಗೆ ಸಿಕ್ಕ ಪೇಪರ್ ಒತ್ತಿ ನೋಡಿದೆವು, ಎಣ್ಣೆಯ ಕಲೆ ಬೀಳುತ್ತದೋ ಏನೋ ಅಂತ. ಬಿತ್ತು. ಮತ್ತೊಮ್ಮೆ ತೊಳೆದೆವು. ಕಲೆ ಬೀಳುವುದು ಪೂರ್ತಿ ನಿಲ್ಲುವ ತನಕ ಅತ್ತೆಯನ್ನು ಹತ್ತಗೊಡಲಿಲ್ಲ. (ಒತ್ತಿದ್ದು ಆವತ್ತಿನದೇ ಪೇಪರ್. ಮಾವ ಇವತ್ತಿಗೂ ಕ್ಷಮಿಸಿಲ್ಲ.) ಬ್ರೇಕು ಹಿಡಿಯುತ್ತದೆಯೇ ಅಂತ ನನ್ನ ಗಂಡ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಸುತ್ತು ಹಾಕಿ ಬಂದ ಮೇಲೆಯೇ ಅತ್ತೆಯ ಕೈಗೆ ಕೀಲಿ ಕೊಟ್ಟದ್ದು.

ಸೋಮವಾರ. ಅತ್ತೆ ಹೆಲ್ಮೆಟ್ ಹಾಕಿ, ಸೆರಗು ಬಿಗಿದು ಹೊರಟರು. ನಾನು ಪರೀಕ್ಷೆಯ ಮೈದಾನದ ಬೇಲಿಯ ಈಚೆ ನಿಂತು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ‘ಎಂಟ’ರ ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಹ್ಯಾಂಡಲ್ ನಡುಗಿತು. ಹೋದಸಲ ಕಾಲು ತಾಗಿದ್ದು ಅಲ್ಲೇ. ಅತ್ತೆಯ ಕಾಲು ಒಂಚೂರು ಎದ್ದಿತು... ಮತ್ತೆ ಸ್ಕೂಟರಿನ ಮೇಲೇ ಕೂತಿತು. ಗಾಲಿ ನೆಲ ಕಚ್ಚಿಕೊಂಡು ತಿರುಗಿತು. ಪಾಸ್!

ನಾನು ಅಲ್ಲೇ ಕುಣಿದುಬಿಟ್ಟೆ. ಅತ್ತೆಯ ಕಣ್ಣಲ್ಲಿ ನೀರು. ಸಂತೋಷಕ್ಕೆ ಅಂದುಕೊಂಡೆ. ಸಂತೋಷವೂ ಹೌದು, ಸಿಟ್ಟೂ ಹೌದು. “ಅಷ್ಟ ತಿಕ್ಕಿದ್ವಿ. ಆ ಸಾಹೇಬ್ರು ಒಮ್ಮೆರ ಟಾಯರ್ ಕಡೆ ನೋಡಬಾರದಾಗಿತ್ತೇನ?”

ಮೊನ್ನೆ ಲೈಸೆನ್ಸ್ ಕಾರ್ಡ್ ಮನೆಗೆ ಬಂತು. ಟೈರು ಆಗಲೇ ಮತ್ತೆ ಕಂದು ತಿರುಗತೊಡಗಿದೆ. ಮಹಾದೇವಪ್ಪನವರು ಬೆರಳು ತೋರಿಸಿದರೆ ಅತ್ತೆ, “ಇರಲಿ ಬಿಡ್ರಿ, ಅದು ತನ್ನ ಕೆಲಸ ಮಾಡಾಕತ್ತೈತಿ,” ಅಂದರು. ಅಕ್ಕನಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಹೆಲ್ಮೆಟ್ ಬಿಗಿದು ಸ್ಕೂಟರ್ ಏರಿದರು.

ಅಷ್ಟರಲ್ಲಿ ಮಾವ ಕೈಚೀಲ ಹಿಡಿದು ಹೊರಗೆ ಬಂದರು. ಗಂಟಲು ಸರಿಮಾಡಿಕೊಂಡು, ಎಲ್ಲೋ ನೋಡುತ್ತ ಕೇಳಿದರು: “ಹಂಗ ನನ್ನೂ ಬಸ್ ಸ್ಟ್ಯಾಂಡಿಗೆ ಬಿಡ್ತೀಯೇನು?”

ಅತ್ತೆ ಹೆಲ್ಮೆಟ್ಟಿನ ಗಾಜು ಎತ್ತಿದರು. ಇಷ್ಟು ವರ್ಷ ಕಾದಿಟ್ಟಿದ್ದ ಮಾತು, ಎಷ್ಟು ತಣ್ಣಗೆ ಬಂತು ಅಂತೀರಿ:

“ತಡೀರಿ, ನನಗ ಕೆಲಸ ಐತಿ.”