ಸುಳ್ಳು ಬೆಂಕಿ

ನಮ್ಮ ಕಚೇರಿಗೆ ಕಂಪ್ಯೂಟರು ಬಂದಾಗ ನನಗೆ ನಿವೃತ್ತಿ ಹತ್ತಿರವಾಗಿತ್ತು. ಕಲಿಸಲು ಬಂದಿದ್ದ ಮೇಷ್ಟ್ರು ಕಪ್ಪು ಪರದೆಯ ಮೇಲೆ ಆಜ್ಞೆ ಬರೆಯುವುದನ್ನು ತೋರಿಸಿದರು. ಅಳಿಸು ಅನ್ನುವ ಆಜ್ಞೆ ಕೊಟ್ಟು, ಹೆಸರಿನ ಜಾಗದಲ್ಲಿ ಒಂದು ನಕ್ಷತ್ರ ಇಟ್ಟು ಗುಂಡಿ ಒತ್ತಿದರೆ ಅಲ್ಲಿರುವ ಕಡತಗಳೆಲ್ಲ ಹೋಗಿಬಿಡುತ್ತವೆ, ಆಮೇಲೆ ಅತ್ತರೂ ಬರುವುದಿಲ್ಲ. ಆದರೆ ಅದೇ ಆಜ್ಞೆಗೆ ಮೊದಲು ‘ಎಕೋ’ ಎಂದು ಸೇರಿಸಿದರೆ ಯಂತ್ರ ಏನನ್ನೂ ಅಳಿಸುವುದಿಲ್ಲ. ಯಾವ್ಯಾವುದು ಹೋಗುತ್ತಿತ್ತು ಎಂದು ಸಾಲಾಗಿ ತೋರಿಸಿ ಸುಮ್ಮನಾಗುತ್ತದೆ. ನೋಡಿಕೊಂಡು, ಸರಿಯೆನಿಸಿದರೆ, ಎಕೋ ತೆಗೆದು ಗುಂಡಿ ಒತ್ತಬೇಕು.

ಉಳಿದವರು ತಲೆಯಾಡಿಸಿದರು. ಈ ಉಪಾಯ ನನಗೆ ಮೊದಲೇ ಗೊತ್ತಿತ್ತು. ನಮ್ಮತ್ತೆ ಇದಕ್ಕೆ ಸುಳ್ಳು ಬೆಂಕಿ ಅನ್ನುತ್ತಿದ್ದರು.

ಎಪ್ಪತ್ತರ ದಶಕದ ಮಾತು. ಮಂಡ್ಯದಲ್ಲಿ ಬೆಳೆದ ನನ್ನನ್ನು ಹಲಗೂರಿನ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಯಜಮಾನರು ಮದ್ದೂರಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಗದ್ದೆ ನೋಡುತ್ತಿದ್ದವರು ಅತ್ತೆ ಮತ್ತು ಮೈದುನ. ಕಬ್ಬು ಕಡಿದು ಗಾಡಿ ಹೋದ ಮೇಲೆ ಗದ್ದೆಯ ತುಂಬ ಒಣಗಿದ ಎಲೆ ಉಳಿಯುತ್ತದಲ್ಲ, ತರಗು, ಅದನ್ನು ಸುಟ್ಟರೇ ಕಡಿದ ಬುಡದ ಕೂಳೆ ಮತ್ತೆ ಚಿಗುರುವುದು. ಒಣಗಿದ ತರಗಿಗೆ ಬೆಂಕಿ ಬಿದ್ದರೆ ಅದು ಓಡುತ್ತದೆ, ಮನುಷ್ಯ ಹಿಂದೆ ಬೀಳುತ್ತಾನೆ. ನಮ್ಮ ಗದ್ದೆಯ ಮೂಡಲ ಬದುವಿನಾಚೆಗೆ ಪಕ್ಕದ ಗದ್ದೆಯ ದೊಡ್ಡವ್ವನ ಕಬ್ಬು ಇನ್ನೂ ನಿಂತಿತ್ತು. ಒಂದು ಕಿಡಿ ಅತ್ತ ಹಾರಿದರೆ ಅವರ ವರ್ಷದ ಅನ್ನವೇ ಹೋಗುತ್ತಿತ್ತು.

ಅದಕ್ಕೇ ಅತ್ತೆಯ ಸುಳ್ಳು ಬೆಂಕಿ. ಕಡ್ಡಿ ಗೀರುವ ಮೊದಲು ಮನೆಯವರೊಬ್ಬರು ಬೆಂಕಿಯಾಗಿ ಗದ್ದೆಯಲ್ಲಿ ನಡೆಯಬೇಕು. ಅತ್ತೆ ಬದುವಿನ ಮೇಲೆ ನಿಂತು ಹಿಡಿ ಹೊಟ್ಟು ತೂರಿ, ಅದು ಹಾರಿದ ಕಡೆಗೆ ಕೈ ತೋರಿಸುತ್ತಿದ್ದರು. ಆ ಕಡೆಗೇ ನಡೆಯಬೇಕು. ದಾರಿಗೆ ಸಿಕ್ಕಿದ್ದನ್ನೆಲ್ಲ ಕೈಯಿಂದ ಮುಟ್ಟಬೇಕು, ಪೊದೆಯಿದ್ದರೆ ಪೊದೆಯೊಳಗೆ ಕೈ ಹಾಕಬೇಕು. ಮುಟ್ಟಿದ್ದು ಸುಟ್ಟ ಹಾಗೆ. ಸುಡಬಾರದ್ದು ಸಿಕ್ಕರೆ ಅದನ್ನು ತೆಗೆದಿಟ್ಟು, ತರಗು ಕೆರೆದು, ನೀರು ಚಿಮುಕಿಸಿ, ಆಮೇಲೆ ನಿಜದ ಬೆಂಕಿ.

ಆ ವರ್ಷ ತರಗು ಸುಡುವ ದಿನ ಬೆಳಿಗ್ಗೆ ಅತ್ತೆ ನನ್ನ ಕಡೆ ತಿರುಗಿ, “ಈ ಸಲ ನೀನೇ ಬೆಂಕಿ ಕಣಮ್ಮ, ನಡಿ” ಅಂದರು.

ನನ್ನ ಮಗುವಿಗೆ ಇನ್ನೂ ಕೂರಲು ಬರುತ್ತಿರಲಿಲ್ಲ. ಪಡುವಲ ಬದುವಿನ ಹೊಂಗೆಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ ಮಲಗಿಸಿದ್ದೆ. ಗಾಳಿ ಪಡುವಲಿಂದ ಮೂಡಲಿಗೆ ಬೀಸುತ್ತಿತ್ತು, ಹಾಗಾಗಿ ಮರ ಬೆಂಕಿಯ ಬೆನ್ನಿಗೆ ಉಳಿಯುತ್ತಿತ್ತು. ಅದನ್ನು ಎರಡು ಮೂರು ಸಲ ನೋಡಿಕೊಂಡೇ ಹೆಜ್ಜೆ ಇಟ್ಟೆ. ಕೂಳೆಯ ಮೊನೆ ಕಾಲಿಗೆ ಗೀರುತ್ತಿತ್ತು. ನಡುಗದ್ದೆ ದಾಟಿದ ಮೇಲೆ ಕಬ್ಬಿಗೆ ಹಂದಿ ಬಾರದಂತೆ ಕಾಯಲು ಹಾಕಿದ್ದ ಸೋಗೆ ಗುಡಿಸಲು ಸಿಕ್ಕಿತು. ಒಳಗೆ ಬಗ್ಗಿ ನೋಡಿದೆ, ಒಂದು ಹರಕು ಗೋಣಿ ಬಿಟ್ಟರೆ ಏನೂ ಇರಲಿಲ್ಲ. ಕೂಗಿ ಹೇಳಿದೆ.

“ಓಗ್ಲಿ ಬುಡು,” ಅಂದರು ಅತ್ತೆ. “ಮುಂದ್ಲೊರ್ಸ ಬೇರೆ ಆಕುಸ್ಕೊಳವ.”

ಹೀಗೆ ಗುಡಿಸಲು ಸುಡುವುದರ ಲೆಕ್ಕಕ್ಕೆ ಸೇರಿತು. ಮೂಡಲ ಬದುವಿನ ಉದ್ದಕ್ಕೂ ತರಗು ಕೆರೆದು ನೆಲ ತೋಯಿಸಿದೆವು. ಅಷ್ಟರಲ್ಲಿ ಹಸಿವಾಗಿ ಪಂಪ್‌ಸೆಟ್ಟಿನ ಮನೆಯ ನೆರಳಿಗೆ ಹೋಗಿ ಮುದ್ದೆ ಉಂಡೆವು. ಅಲ್ಲಿಂದ ಮರ ಕಾಣುತ್ತಿರಲಿಲ್ಲ; ಉಂಡು ಕೈ ತೊಳೆದು ಈಚೆ ಬಂದು ನೋಡಿದೆ. ಜೋಲಿ ಗಾಳಿಗೆ ಮೆಲ್ಲಗೆ ತೂಗುತ್ತಿತ್ತು. ನಿದ್ದೆ ಮಾಡುತ್ತಿದೆ, ಏಳಿಸುವುದು ಬೇಡ ಅಂದುಕೊಂಡೆ.

ಉಂಡು ಎದ್ದವನೇ ಮೈದುನ ತರಗಿನ ಪಂಜು ಹೊಸೆಯತೊಡಗಿದ. ಅತ್ತೆ ಸೆರಗಿನಿಂದ ಮತ್ತೆ ಹೊಟ್ಟು ತೆಗೆದರು. ಅವನಿಗೆ ರೇಗಿತು.

“ಇನ್ನೆಷ್ಟು ಸಲವ್ವಾ? ಗಾಳಿ ಅಲ್ಲೇ ಅದೆ, ಗದ್ದೆ ಅಲ್ಲೇ ಅದೆ.”

“ನಾವು ಉಂಡೆದ್ದು ಬಂದೋ ಕಣ್ಲಾ. ಅಷ್ಟೊತ್ತೂವೆ ಗದ್ದೆ ಸುಮ್ನೆ ಕೂತಿತ್ತಾ?”

ಹೊಟ್ಟು ಮೊದಲಿನ ಹಾಗೇ ಮೂಡಲಿಗೆ ಹಾರಿತು. ಮೈದುನ ನನ್ನ ಕಡೆ ನೋಡಿ ನಕ್ಕ. “ಅತ್ತಿಗ್ಯವ್ವ, ಈ ಸಲ ಬಿರ್ರನೆ ಉರ್ಕೊಂಡೋಗು. ನಾನು ಅಲಗೂರಲ್ಲಿ ಬಸ್ಸು ಇಡೀಬೇಕು.” ನಾನು ಮೂಡಲ ಬದು ಮುಟ್ಟಿದ ಕೂಡಲೇ ಕಡ್ಡಿ ಗೀರುವುದಾಗಿ ಹೇಳಿ ಪಡುವಲ ಅಂಚಿಗೆ ಹೋಗಿ ನಿಂತ.

ನಿಜ ಹೇಳಬೇಕೆಂದರೆ ನನಗೂ ಬೇಸರವಾಗಿತ್ತು. ಬೆನ್ನ ಹಿಂದೆ ಅವನು ಬೆಂಕಿಪೊಟ್ಟಣ ಕುಲುಕುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಆ ಸದ್ದಿಗೆ ನನ್ನ ಹೆಜ್ಜೆ ತಾನಾಗಿ ಬಿರುಸಾಯಿತು. ಗುಡಿಸಲ ಹತ್ತಿರ ಬಂದಾಗ ಅತ್ತೆ ದೂರದಿಂದಲೇ, ಅದು ಹೋಗಲಿ, ಆಗಲೇ ಹೇಳಾಯಿತಲ್ಲ ಎಂದು ಕೂಗಿದರು. ಹಾಗೇ ದಾಟಿ ಹೋಗಬಹುದಿತ್ತು. ಆದರೂ ಸಿಕ್ಕಿದ್ದನ್ನೆಲ್ಲ ಮುಟ್ಟಬೇಕೆಂದು ಅವರೇ ಕಲಿಸಿದ್ದ ರೂಢಿಗೆ, ನಿಂತ ಕಡೆಯಿಂದಲೇ ಸೋಗೆ ಸರಿಸಿ ಒಳಗೆ ಕೈ ಹಾಕಿದೆ.

ಕೈಗೆ ಬೆಚ್ಚಗಿನ ಒಂದು ಪಾದ ಸಿಕ್ಕಿತು. ಅಂಗೈಯೊಳಗೆ ಅದು ಒಮ್ಮೆ ಮಿಸುಕಾಡಿತು.

ಮಂಡಿಯೂರಿ ಒಳಗೆ ತೂರಿದೆ. ಆ ಹರಕು ಗೋಣಿಯ ಮೇಲೆ ನನ್ನ ಮಗು ಬೆರಳು ಚೀಪುತ್ತ ಮಲಗಿತ್ತು. ತಿರುಗಿ ಸೋಗೆಯ ಸಂದಿಯಿಂದ ಮರದ ಕಡೆ ನೋಡಿದೆ. ಜೋಲಿ ಅಲ್ಲೇ ತೂಗುತ್ತಿತ್ತು, ಗಾಳಿ ತುಂಬಿಕೊಂಡು, ಥೇಟು ಮಗುವಿರುವ ಹಾಗೇ. ಒಳಗಿರುವ ನಾನು ಯಾರಿಗೂ ಕಾಣುತ್ತಿಲ್ಲ. ಬದು ಮುಟ್ಟಿಬಿಟ್ಟೆ ಎಂದು ಮೈದುನ ತಿಳಿದರೆ? ಪೊಟ್ಟಣದ ಸದ್ದು ಆಗ ನಿಂತಿತು. ಆ ಮೌನದಷ್ಟು ಹೆದರಿಸಿದ್ದು ನನ್ನ ಜನ್ಮದಲ್ಲಿ ಇನ್ನೊಂದಿಲ್ಲ. ಮಗುವನ್ನು ಎದೆಗವಚಿಕೊಂಡು, ಬಾಗಿಲನ್ನೂ ಹುಡುಕದೆ, ಸೋಗೆ ಕಿತ್ತುಕೊಂಡೇ ಆಚೆ ಬಂದೆ.

ಅತ್ತೆ ನೋಡಿದರು. ನಿಂತಲ್ಲೇ ಬದುವಿನ ಮೇಲೆ ಕೂತುಬಿಟ್ಟರು. ಮೈದುನ ಹೊರತೆಗೆದಿದ್ದ ಕಡ್ಡಿಯನ್ನು ಬೆರಳ ಸಂದಿಯಲ್ಲಿ ಹಿಡಿದೇ ಇದ್ದ.

ಸ್ವಲ್ಪ ಹೊತ್ತಿಗೆ ಪಕ್ಕದ ದೊಡ್ಡವ್ವ ಹುಲ್ಲಿನ ಹೊರೆ ಹೊತ್ತುಕೊಂಡು ಕಬ್ಬಿನ ಸಾಲಿನಿಂದ ಬಂದರು. ನಾವು ಕೇಳುವ ಮೊದಲೇ ಅವರೇ ಹೇಳಿದರು.

“ಒತ್ತು ತಿರುಗಿ ಮಗೀನ್ ಮಕುಕ್ಕೆ ಬಿಸ್ಲು ಒಡೀತಿತ್ತು ಕಣಮ್ಮ. ನೀವೆಲ್ಲ ಉಣ್ತಾ ಕುಂತಿದ್ರಿ. ತಂಪಾಗಿರ್ಲಿ ಅಂತ ಗುಡ್ಲಲ್ಲಿ ಮಲುಗ್ಸಿದೆ.”

ಅವರು ಮಾಡಿದ್ದು ಉಪಕಾರವೇ. ಬೆಳಗಿನ ಸುಳ್ಳು ಬೆಂಕಿಯನ್ನು ಅವರು ಕಂಡಿರಲಿಲ್ಲ, ಗುಡಿಸಲನ್ನು ಸುಡಲು ಬಿಟ್ಟಿದ್ದೂ ಗೊತ್ತಿರಲಿಲ್ಲ. ಅತ್ತೆ ಅವರಿಗೆ ಏನೂ ವಿವರಿಸಲಿಲ್ಲ. ಒಳ್ಳೇದಾಯ್ತು, ಕೂತ್ಕೊ, ಮಜ್ಜಿಗೆ ಅದೆ ಅಂದರು. ಲೋಟಕ್ಕೆ ಸುರಿಯುವಾಗ ಅರ್ಧ ಮಜ್ಜಿಗೆ ನೆಲಕ್ಕೇ ಹೋಯಿತು. ಮೈದುನ ಅವತ್ತು ಬಸ್ಸಿಗೆ ಹೋಗಲಿಲ್ಲ.

ಮರುದಿನ ಸುಳ್ಳು ಬೆಂಕಿ ಮತ್ತೆ ಆಯಿತು. ಈ ಸಲ ಯಾರೂ ನಗಲಿಲ್ಲ. ನಾನು ಮೂಡಲ ಬದು ಮುಟ್ಟಿ ಕೈಯೆತ್ತಿ ಸರಿದೆ, ಮೈದುನ ಆ ಗಳಿಗೆಯಲ್ಲೇ ಕಡ್ಡಿ ಗೀರಿದ.

ಮೇಷ್ಟ್ರ ಪಾಠಕ್ಕೆ ಬರುತ್ತೇನೆ. ಬೇಡದ ಹಳೇ ಕಡತಗಳನ್ನು ಅಳಿಸುವ ಕೆಲಸ ನನಗೆ ಬಿತ್ತು. ಎಕೋ ಸೇರಿಸಿ ಸಾಲು ನೋಡಿದೆ, ಎಲ್ಲ ಸರಿಯಿತ್ತು. ಅಷ್ಟರಲ್ಲಿ ಕಾಫಿಗೆ ಕರೆದರು. ಬಂದು ಕೂತು ಮತ್ತೆ ಎಕೋ ಕೊಟ್ಟೆ. ಈಗ ತಾನೇ ನೋಡಿದಿರಲ್ಲ ಮೇಡಂ ಎಂದು ಮೇಷ್ಟ್ರು ನಕ್ಕರು. ಕಾಫಿ ಕುಡಿಯುವ ಹೊತ್ತಲ್ಲಿ ಯಾರಾದರೂ ಬಂದು, ಒಳ್ಳೇ ಮನಸ್ಸಿನಿಂದಲೇ, ಏನನ್ನಾದರೂ ಅಲ್ಲಿ ತಂದು ಮಲಗಿಸಿರಬಹುದು ಎಂದು ಅವರಿಗೆ ಹೇಗೆ ಹೇಳಲಿ? ಸಾಲನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಓದಿದೆ. ಆಮೇಲೆ ಎಕೋ ತೆಗೆದು ಗುಂಡಿ ಒತ್ತಿದೆ.

ಗದ್ದೆಗೆ ಬೆಂಕಿಯಿಟ್ಟ ಆ ಮರುದಿನ ಗುಡಿಸಲು ಉರಿದಿದ್ದು ಎಷ್ಟು ಹೊತ್ತು ಅಂತೀರಿ? ನಾನು ಹಣೆಗೆ ಬಂದ ಕೂದಲು ಹಿಂದಕ್ಕೆ ಸರಿಸಿದೆ, ಅಷ್ಟರಲ್ಲಿ ಬೂದಿ. ಅತ್ತೆ ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡು ದೂರದ ಬದುವಿನ ಮೇಲೆ ಕೂತಿದ್ದರು. ಬೆಂಕಿಯ ಕಡೆ ಅವರು ನೋಡುತ್ತಲೇ ಇರಲಿಲ್ಲ. ಮಗುವಿನ ಎರಡೂ ಪಾದಗಳನ್ನು ಒಂದೇ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಹೊಗೆ ಅಡಗಿದ ಮೇಲೂ, ಮಗುವನ್ನು ಕೊಡಿ ಎಂದು ನಾನು ಕೇಳುವವರೆಗೆ ಬಿಡಲಿಲ್ಲ.